ಡಯಾಲಿಸಿಸ್‌ಗೂ ಒಂದು ಚೀಟಿ ಇರುತ್ತದೆ, ಓದಿ ನೋಡಿ

ಅಪ್ಪನಿಗೆ ಡಯಾಲಿಸಿಸ್ ಶುರುವಾಗಿ ಮೂರು ವರ್ಷ. ಮಾತ್ರೆ ಚೀಟಿ ಎಷ್ಟು ಸಲ ಬದಲಾಯಿತೋ ಲೆಕ್ಕವಿಲ್ಲ, ಆದರೆ ಡಯಾಲಿಸಿಸ್ ಹೇಗೆ ಮಾಡಬೇಕು (ಎಷ್ಟು ಗಂಟೆ, ಎಷ್ಟು ತೂಕಕ್ಕೆ ತರಬೇಕು, ದ್ರವ ಹೇಗಿರಬೇಕು) ಎಂಬ ಚೀಟಿ ಮಾತ್ರ ಮೊದಲ ವಾರ ಬರೆದದ್ದೇ ತುಂಬಾ ದಿನ ನಡೆಯಿತು. ಹಾಗೊಂದು ಚೀಟಿ ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ ಬಿಡಿ.

ಮೂರನೇ ಗಂಟೆಗೆ ಬಿಪಿ ಇಳಿಯುತ್ತಿತ್ತು, ಕಾಲು ಸೆಳೆಯುತ್ತಿತ್ತು. ಅರ್ಧ ಗಂಟೆ ಮೊದಲೇ ಮೆಷಿನ್ ನಿಲ್ಲಿಸುತ್ತಿದ್ದರು. ಅಪ್ಪನಿಗೂ ಖುಷಿ, ನಮಗೂ ಬೇಗ ಮನೆ. ಆದರೆ ಮೆಷಿನ್ ತೆಗೆಯದೆ ಮೈಯಲ್ಲೇ ಉಳಿದ ನೀರು ಎಲ್ಲಿಗೆ ಹೋಗುತ್ತದೆ? ಮುಂದಿನ ಸಲಕ್ಕೆ ಸೇರುತ್ತದೆ, ಆಗ ಇನ್ನೂ ಜಾಸ್ತಿ ಎಳೆಯಬೇಕು, ಮತ್ತೆ ಬಿಪಿ ಇಳಿಯುತ್ತದೆ.

ಹೊಸ ಡಾಕ್ಟರ್ ಒಬ್ಬರು ಸುಮ್ನೆ ಒಂದು ಭಾಗಾಕಾರ ಮಾಡಿ ತೋರಿಸಿದರು. 60 ಕೆಜಿ ತೂಕ, ಮೂರೂವರೆ ಲೀಟರ್ ನೀರು, ಮೂರೂವರೆ ಗಂಟೆ. ಅಂದರೆ ಗಂಟೆಗೆ ಕೆಜಿಗೆ 16 ಮಿಲಿಗಿಂತ ಮೇಲೆ. 13 ದಾಟಿದವರಲ್ಲಿ ಸಾವಿನ ಅಪಾಯ ಜಾಸ್ತಿ ಎಂದು ಅಧ್ಯಯನಗಳಲ್ಲಿ ಕಂಡುಬಂದಿದೆ. ಅದೇ ನೀರನ್ನು ಒಂದು ಗಂಟೆ ಹೆಚ್ಚು ಕೊಟ್ಟು ನಾಲ್ಕೂವರೆ ಗಂಟೆಯಲ್ಲಿ ತೆಗೆದರೆ 13ರ ಒಳಗೇ ಬರುತ್ತದೆ. ಹಾಗೇ ಮಾಡಿದರು.

'ಆದರೆ ರಿಪೋರ್ಟ್‌ನಲ್ಲಿ ಕೆಟಿ/ವಿ, ಅಂದರೆ ಡಯಾಲಿಸಿಸ್ ಸಾಕಷ್ಟು ಆಯಿತೇ ಎಂದು ನೋಡುವ ಸಂಖ್ಯೆ, 1.4 ಇದೆಯಲ್ಲ?' ಅಂದೆ. ಗೂಗಲ್ ಪಂಡಿತ ನಾನು! ಡಾಕ್ಟರ್ ಬಿಡಿಸಿ ಹೇಳಿದರು: ಆ ಸಂಖ್ಯೆ ರಕ್ತದ ಕಲ್ಮಶವಾದ ಯೂರಿಯಾ ಎಷ್ಟು ಹೋಯಿತು ಎಂದಷ್ಟೇ ಹೇಳುತ್ತದೆ. ಮೈ ಸಣ್ಣದಿದ್ದವರಿಗೆ ಅದು ಬೇಗ ಸಿಗುತ್ತದೆ. ನೀರು, ಫಾಸ್ಫರಸ್ ಹೋಗಲು ಸಮಯವೇ ಬೇಕು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುವವರ ಮೇಲೆ ನಡೆದ ಹೀಮೋ ಎಂಬ ದೊಡ್ಡ ಅಧ್ಯಯನ 2002ರಲ್ಲಿ ಬಂತು, ಆ ಸಂಖ್ಯೆಯನ್ನು ಇನ್ನೂ ಏರಿಸಿದ್ದಕ್ಕೆ ಸಾವು ಕಡಿಮೆಯಾಗಲಿಲ್ಲ. ಕನಿಷ್ಠ ಬೇಕು, ನಿಜ. ಆದರೆ ಅಷ್ಟು ಬಂದರೆ ಎಲ್ಲ ಸರಿಯಿದೆ ಎಂದು ಫೈಲ್ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಇನ್ನು ಡ್ರೈ ವೇಟ್, ಅಂದರೆ ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ. ಅಪ್ಪನ ಚೀಟಿಯಲ್ಲಿ ಅದು 60 ಕೆಜಿ. ನನಗೆ ಅತಿ ಸಿಟ್ಟು ಬರುವುದು ಇಲ್ಲೇ. ಅಪ್ಪ ಜ್ವರ ಬಂದು ಹದಿನೈದು ದಿನ ಮಲಗಿದ್ದರು, ಊಟ ಸೇರುತ್ತಿರಲಿಲ್ಲ, ತೋಳು ಬತ್ತಿ ಹೋಯಿತು. ತಕ್ಕಡಿಯಲ್ಲಿ ಮಾತ್ರ ಅದೇ 60. ಕರಗಿದ ಮಾಂಸದ ಜಾಗಕ್ಕೆ ನೀರು ಬಂದು ಕೂತಿತ್ತು ಅಷ್ಟೇ! ರಾತ್ರಿ ಮಲಗಿದರೆ ಉಸಿರು ಕಟ್ಟುವ ತನಕ ಯಾರೂ ಆ ಅಂಕಿಯನ್ನು ಮುಟ್ಟಲಿಲ್ಲ. ಆಮೇಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾ 57.5ಕ್ಕೆ ತಂದರು.

ಡಯಾಲಿಸಿಸ್‌ಗೆ ಮೆಷಿನ್ ಬಳಸುವ ದ್ರವದಲ್ಲಿನ ಪೊಟ್ಯಾಸಿಯಂ, ಸೋಡಿಯಂ ಕೂಡ ಎಲ್ಲರಿಗೂ ಒಂದೇ ಆಗಬೇಕಿಲ್ಲ, ರಕ್ತಪರೀಕ್ಷೆ ನೋಡಿ ಬದಲಿಸಬಹುದು. ಮೂತ್ರ ಇನ್ನೂ ಬರುತ್ತಿದ್ದರೆ ಅದನ್ನೂ ಅಳೆಯಿರಿ, ಲೆಕ್ಕಕ್ಕೆ ಬರುತ್ತದೆ. ಇದನ್ನೆಲ್ಲ ನಾವೇ ಬದಲಿಸಲು ಆಗಲ್ಲ, ಆಗಲೂಬಾರದು. ಆದರೆ ತಿಂಗಳಿಗೊಮ್ಮೆ 'ಡ್ರೈ ವೇಟ್ ನೋಡಿದ್ರಾ ಸಾರ್?' ಎಂದು ಕೇಳಬಹುದಲ್ವಾ?

ಆ ಹೆಚ್ಚಿನ ಗಂಟೆಗೆ ಅಪ್ಪ ಈಗಲೂ ಗೊಣಗುತ್ತಾರೆ. ಮುಗಿದ ಮೇಲೆ ಮಾತ್ರ ನನ್ನ ಕೈ ಹಿಡಿಯದೆ ನಡೆದು ಬರುತ್ತಾರೆ.