ಎರಡನೇ ಗ್ಯಾಲಕ್ಸಿ ಬರೀ ನಕಲು ಅಲ್ಲ

‘ಸೂಪರ್ ಮಾರಿಯೋ ಗ್ಯಾಲಕ್ಸಿ 2’ ಅನ್ನುವ ವಿಡಿಯೋ ಗೇಮ್ ಮೊದಲ ಆಟದ ಇನ್ನೊಂದು ಕಂತು ಅಷ್ಟೇ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ತಯಾರಿಸಿದ ನಿಂಟೆಂಡೊ ಕಂಪನಿಯವರು ಇದನ್ನು ‘1.5’, ಅಂದರೆ ಮೊದಲ ಆಟಕ್ಕೇ ಸ್ವಲ್ಪ ಬದಲಾವಣೆ, ಮಾಡೋಣ ಅಂತ ಶುರು ಮಾಡಿದ್ದು ನಿಜ. ಆದರೆ 2010ರಲ್ಲಿ ಅವರ ವೀ (Wii) ಗೇಮ್ ಯಂತ್ರಕ್ಕೆ ಬಂದಾಗ ಹೊಸ ಹಂತಗಳೇ ತುಂಬಿದ್ದವು, ಜೊತೆಗೆ ಆಟದ ನಾಯಕ ಮಾರಿಯೋ ಸವಾರಿ ಮಾಡುವ ಡೈನೋಸಾರ್ ಯೋಶಿ ಬೇರೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಇಬ್ಬರು ಆಡುವ ರೀತಿ. 2007ರ ಮೊದಲ ಆಟದಲ್ಲಿ ಎರಡನೆಯವರಿಗೆ ನಕ್ಷತ್ರದ ಚೂರು ಹೆಕ್ಕುವುದು, ಶತ್ರುಗಳನ್ನು ತಡೆಯುವುದು, ಇಂಥ ಸಣ್ಣಪುಟ್ಟ ಕೆಲಸ. ಇಲ್ಲಿ ಅವರಿಗೆ ಒಂದು ಕಿತ್ತಳೆ ಬಣ್ಣದ ಲೂಮಾ, ಅಂದರೆ ನಕ್ಷತ್ರದಂಥ ಪುಟ್ಟ ಜೀವಿ, ಸಿಗುತ್ತದೆ. ಅದು ಶತ್ರುವನ್ನು ಹೊಡೆಯುತ್ತದೆ, ದೂರದ ನಾಣ್ಯ ತಂದುಕೊಡುತ್ತದೆ. ಬಿದ್ದು ಸಾಯುವ ಭಯವೂ ಅದಕ್ಕಿಲ್ಲ. ನನ್ನ ಐದು ವರ್ಷದ ಮಗಳಿಗೆ ಮಾರಿಯೋನನ್ನು ಸರಿಯಾಗಿ ಹಾರಿಸಲು ಇನ್ನೂ ಬರುವುದಿಲ್ಲ. ಆದರೂ ಲೂಮಾ ಹಿಡಿದು, “ಅಪ್ಪಾ, ನೀನು ಹೋಗು, ಅದನ್ನ ನಾನು ನೋಡ್ಕೋತೀನಿ” ಅನ್ನುತ್ತಾಳೆ. ಅವಳು ಸುಮ್ನೆ ಪಕ್ಕದಲ್ಲಿ ಕೂತಿಲ್ಲ, ನಿಜಕ್ಕೂ ಆಡುತ್ತಿದ್ದಾಳೆ ಅಲ್ವಾ?

ಮಕ್ಕಳಾಟ ಅಂದರೆ ಸುಲಭ ಅಂತಲೂ ಅಲ್ಲ. ಹಂತಗಳಲ್ಲಿ ಗಳಿಸಬೇಕಾದ 120 ನಕ್ಷತ್ರ ಮುಗಿಸಿದ ಮೇಲೆ ಮೂಲೆ ಮೂಲೆಯಲ್ಲಿ ಇನ್ನೂ 120 ಹಸಿರು ನಕ್ಷತ್ರ ಹುಡುಕಬೇಕು. ಅವು ನನ್ನನ್ನೇ ಎಷ್ಟೋ ರಾತ್ರಿ ಎಚ್ಚರವಾಗಿ ಕೂರಿಸಿವೆ.

2025ರಲ್ಲಿ ಎರಡೂ ಆಟ ನಿಂಟೆಂಡೊದ ಇನ್ನೊಂದು ಗೇಮ್ ಯಂತ್ರ ಸ್ವಿಚ್‌ಗೂ ಬಂದಿವೆ. ಚಿಕ್ಕ ಮಕ್ಕಳಿರುವವರು ದಯವಿಟ್ಟು ಎರಡನೆಯದನ್ನೇ ಮೊದಲು ಹಾಕಿ ನೋಡಿ, ಲೂಮಾವನ್ನು ಮಗುವಿನ ಕೈಗೆ ಕೊಡಿ.