ಹೆಲ್ಮೆಟ್ ಫೋಟೋಗೆ, ಮೊಳೆ ಕೈಗೆ

ಮಾರ್ಚ್ 4 ಬಂತೆಂದರೆ ಮೈಸೂರಿನ ಫ್ಯಾಕ್ಟರಿಗಳಲ್ಲಿ ಒಂಥರಾ ಹಬ್ಬ. ರಾಷ್ಟ್ರೀಯ ಸುರಕ್ಷತಾ ದಿನ. ಹೆಬ್ಬಾಳದಿಂದ ಕೂರ್ಗಳ್ಳಿವರೆಗೆ ಗೇಟಿಗೊಂದು ಬ್ಯಾನರು. ಬಲಗೈ ಮುಂದೆ ಚಾಚಿ ಪ್ರತಿಜ್ಞೆ. ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಆ ಒಂದು ವಾರ ಅಪಘಾತಕ್ಕೂ ನಾಚಿಕೆಯಾಗಿ ಊರು ಬಿಟ್ಟಿರುತ್ತದೇನೋ.

ಸರಕು ಪೇರಿಸುವ ಮರದ ಮಣೆ, ಅಂದರೆ ಪ್ಯಾಲೆಟ್, ಮಾಡುವ ಶೆಡ್ ಒಂದನ್ನು ತಗೊಳ್ಳಿ. ಹೆಸರು ಬೇಡ, ಇಂಥವು ಬೇಕಾದಷ್ಟಿವೆ. ಅಲ್ಲಿ ಸುತ್ತಿಗೆ ಮೂಲೆ ಸೇರಿ, ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ನೇಲ್ ಗನ್ ಬಂದಿದೆ. ಕಂಪ್ರೆಷರಿಗೊಂದು ಪೈಪು, ಪೈಪಿನ ತುದಿಗೆ ಗನ್ನು. ಇದರಲ್ಲಿ ಎರಡು ಜಾತಿ. ಒಂದು, ಪ್ರತಿ ಮೊಳೆಗೂ ಮೊದಲು ಮೂತಿ ಒತ್ತಿ ಆಮೇಲೆ ಟ್ರಿಗರ್ ಎಳೆಯಬೇಕಾದ್ದು. ಇನ್ನೊಂದು, ಟ್ರಿಗರ್ ಹಿಡಿದೇ ಇದ್ದರೆ ಮೂತಿ ತಗುಲಿದಾಗಲೆಲ್ಲ ಮೊಳೆ ಉಗುಳುವುದು. ಈ ಎರಡನೆಯದರಲ್ಲಿ ಗಾಯವಾಗುವ ಸಾಧ್ಯತೆ ಸುಮಾರು ಎರಡು ಪಟ್ಟು ಎಂದು ಅಮೆರಿಕದ ಸರ್ಕಾರಿ ಸಂಸ್ಥೆಗಳು 2011ರಲ್ಲೇ ಕೈಪಿಡಿ ಮಾಡಿ ಹೇಳಿವೆ. ನಮ್ಮ ಶೆಡ್ಡಿನಲ್ಲಿ ಕೂಲಿ ಪ್ಯಾಲೆಟ್ ಲೆಕ್ಕದಲ್ಲಿ. ಯಾವ ಜಾತಿ ತಂದಿರುತ್ತಾರೆ ಅಂತ ಬೇರೆ ಹೇಳಬೇಕಾ?

ತಂದಿದ್ದೂ ಸಾಲದು ಎಂದು ಮೇಸ್ತ್ರಿ ಟ್ರಿಗರ್‌ಗೆ ಬೈಂಡಿಂಗ್ ವೈರ್ ಸುತ್ತಿ ಬಿಗಿದಿದ್ದಾರೆ. ಬೆರಳು ನೋಯಬಾರದಲ್ಲ, ಪಾಪ. ಈಗ ಮೂತಿ ಹಲಗೆಗೆ ತಗುಲಿದರೂ ಮೊಳೆ, ಪಕ್ಕದವನ ಮೊಣಕಾಲಿಗೆ ತಗುಲಿದರೂ ಮೊಳೆ. ಗನ್ನಿಗೆ ಭೇದಭಾವವಿಲ್ಲ.

ಲೈಸೆನ್ಸ್ ಇರುವ ಕೋವಿಯನ್ನು ಚುನಾವಣೆ ಬಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಿ ಬರಬೇಕು. ಈ ಗನ್ನನ್ನು ಮಾತ್ರ ನಿನ್ನೆ ರಾತ್ರಿ ರೈಲಿಳಿದ ಹುಡುಗನ ಕೈಗೆ ಬೆಳಿಗ್ಗೆ ಕೊಡಬಹುದು. ಯಾರೂ ಕೇಳುವುದಿಲ್ಲ.

ತರಬೇತಿ ಇಲ್ಲ ಅಂತಲ್ಲ, ಇದೆ. ಸ್ಲೈಡುಗಳು ಇಂಗ್ಲಿಷಿನಲ್ಲಿ, ವಿವರಣೆ ಕನ್ನಡದಲ್ಲಿ, ಕೇಳುವ ಹುಡುಗರು ಬಿಹಾರದವರು. ಜಾಮ್ ಆದ ಗನ್ ಬಿಚ್ಚುವ ಮೊದಲು ಗಾಳಿ ಪೈಪು ಕಳಚಿ ಎನ್ನುವ ಸ್ಲೈಡು ಬಂತು, ಹೋಯಿತು. ಗಂಟಿರುವ ಮರದಲ್ಲಿ ಮೊಳೆ ಅಡ್ಡ ಹೊರಳಿ ಆಚೆ ಬರುತ್ತದೆ, ಹಲಗೆ ಹಿಡಿದ ಕೈಯನ್ನು ದೂರ ಇಡಿ ಎನ್ನುವುದೂ ಬಂತು, ಹೋಯಿತು.

"ಗೊತ್ತಾಯ್ತೇನ್ರಪ್ಪಾ?"

"ಹಾಂ ಸಾರ್." ಊಟದ ಹೊತ್ತಾಗಿತ್ತು.

ಗನ್ನು ಮಾತ್ರ ತರಬೇತಿಗೆ ಬಂದಿರಲಿಲ್ಲ. ಸಂಜೆ ಲಾರಿ ಲೋಡ್ ಆಗಬೇಕಿತ್ತು, ಅದು ಹಿಂದುಗಡೆ ಕೆಲಸದಲ್ಲಿತ್ತು.

ಆಮೇಲೆ ಫೋಟೋ. ಇರುವ ನಾಲ್ಕೈದು ಹೆಲ್ಮೆಟ್ ತಲೆಯಿಂದ ತಲೆಗೆ ಹೋಗುತ್ತವೆ. ಕನ್ನಡಕದ ಮೇಲಿನ ಪ್ಲಾಸ್ಟಿಕ್ ಹಾಳೆ ಕಿತ್ತೇ ಇಲ್ಲ, ಕಿತ್ತರೆ ಮುಂದಿನ ವರ್ಷಕ್ಕೆ ಹಳೆಯದಾಗಿ ಕಾಣುತ್ತದಂತೆ. ಆ ಹಾಳೆಯ ಮಂಜಿನಲ್ಲೇ ಹುಡುಗರು ಕ್ಯಾಮೆರಾ ಎಲ್ಲಿದೆ ಅಂತ ಅಂದಾಜಿನ ಮೇಲೆ ನಗುತ್ತಾರೆ. ಫೋಟೋ ಮುಗಿದ ಮೇಲೆ ಎಲ್ಲ ಬೀರುವಿಗೆ. ಬೀಗದ ಕೈ ಎಚ್‌ಆರ್ ಹತ್ತಿರ.

ನ್ಯಾಯವಾಗಿ ಹೇಳಬೇಕೆಂದರೆ, ವರ್ಷಕ್ಕೊಂದು ದಿನ ಗನ್ನಿಗೂ ಮರ್ಯಾದೆ ಸಿಗುತ್ತದೆ. ಆಯುಧ ಪೂಜೆಯ ದಿನ ಪೈಪು ಕಳಚಿ, ಧೂಳು ಒರೆಸಿ, ಎಣ್ಣೆ ಬಿಟ್ಟು, ಅರಿಶಿನ ಕುಂಕುಮ ಹಚ್ಚಿ ಚೆಂಡು ಹೂ ಮುಡಿಸುತ್ತಾರೆ. ಕಂಪ್ರೆಷರ್ ಮುಂದೆ ಬೂದುಗುಂಬಳ ಒಡೆಯುತ್ತಾರೆ. ಕಂಪನಿಯ ಮ್ಯಾನುಯಲ್ ದಿನಾ ಮಾಡಿ ಅಂದದ್ದರಲ್ಲಿ ಅರ್ಧದಷ್ಟು ಆವತ್ತು ಆಗಿಬಿಡುತ್ತದೆ. ಬೈಂಡಿಂಗ್ ವೈರಿಗೂ ಒಂದು ಬೊಟ್ಟು ಇಡುತ್ತಾರೆ, ಬಿಚ್ಚುವುದಿಲ್ಲ.

ಗೇಟಿನ ಪಕ್ಕದ ಬೋರ್ಡಿನಲ್ಲಿ 'ಅಪಘಾತವಿಲ್ಲದ ದಿನಗಳು' ಏರುತ್ತಲೇ ಇವೆ. ಮೊನ್ನೆ ಒಬ್ಬನ ಅಂಗೈಗೆ ಮೊಳೆ ಹೊಕ್ಕಿತು. ಟಿಟಿ ಇಂಜೆಕ್ಷನ್ ಆಯಿತು, ಬ್ಯಾಂಡೇಜ್ ಆಯಿತು. ರಿಜಿಸ್ಟರಿನಲ್ಲಿ 'ರೂಮಿನಲ್ಲಿ ತೆಂಗಿನಕಾಯಿ ಸುಲಿಯುವಾಗ' ಎಂದಾಯಿತು. ಬೋರ್ಡು ಉಳಿಯಿತು.

ಆಮೇಲೆ ಇನ್‌ಸ್ಪೆಕ್ಷನ್ ಬರುತ್ತದೆಂದು ತರಬೇತಿ ಫೈಲ್ ತೆಗೆದರು. ಗಾಯವಾದವನ ಸಹಿಯೇ ಇಲ್ಲ. ಎಚ್‌ಆರ್ ಗಾಬರಿಯಾಗಲಿಲ್ಲ. ಗನ್ ಹಿಡಿಯುವುದು ಬಲಗೈ, ಮೊಳೆ ತಿನ್ನುವುದು ಹಲಗೆ ಹಿಡಿದ ಎಡಗೈ. ಸಹಿಗೆ ಬಲಗೈ ಇದ್ದೇ ಇದೆಯಲ್ಲ! ಹುಡುಗನನ್ನು ಕರೆಸಿದರು. ಅವನಿಗೆ ಬರೆಯಲು ಬರುವುದಿಲ್ಲವಂತೆ. ಈಗ ಎಡಗೈ ಹೆಬ್ಬೆಟ್ಟಿನವರೆಗೆ ಸುತ್ತಿದ ಬ್ಯಾಂಡೇಜ್ ಯಾವಾಗ ಬಿಚ್ಚುತ್ತೀರಿ ಅಂತ ಡಾಕ್ಟರಿಗೆ ದಿನಾ ಫೋನ್ ಹೋಗುತ್ತಿದೆ.