ದುಡ್ಡು ಅಪ್ಪನದು, ಮರ್ಯಾದೆ ನನಗೆ

ಬೂಟು ಹಾಕಿದವನು ವ್ಯಾಪಾರಕ್ಕೆ ಬಂದಿದ್ದಾನೆ, ಹವಾಯಿ ಚಪ್ಪಲಿ ಮೆಟ್ಟಿದವನು ಸುಮ್ಮನೆ ತಂಪು ಗಾಳಿಗೆ ಬಂದಿದ್ದಾನೆ. ಬೆಂಗಳೂರಿನ ದೊಡ್ಡ ಅಂಗಡಿಗಳಿಗೆ ಈ ಲೆಕ್ಕವನ್ನು ಯಾವ ಪುಣ್ಯಾತ್ಮ ಕಲಿಸಿದನೋ ಕಾಣೆ. ಅಪ್ಪನ ಜೊತೆ ಈ ಊರಿನಲ್ಲಿ ಎಲ್ಲಿಗೆ ಹೋದರೂ ನನಗೆ ಮೈಯೆಲ್ಲ ಉರಿಯುತ್ತದೆ.

ತಂಗಿಯ ಮದುವೆಗೆ ಸರ ಕೊಳ್ಳಲು ಒಂದು ಚಿನ್ನದ ಅಂಗಡಿಗೆ ಹೋಗಿದ್ದೆವು. ನನ್ನದು ಇಸ್ತ್ರಿ ಮಾಡಿದ ಅಂಗಿ, ಇನ್ನೂ ಕಂತು ತೀರದ ಮೊಬೈಲ್. ನನಗೆ ಕುರ್ಚಿ ಬಂತು, ಕಾಫಿಯೂ ಬಂತು. ಪಂಚೆ ಉಟ್ಟು ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದ ಅಪ್ಪನಿಗೆ, "ಯಜಮಾನರೇ, ಸ್ವಲ್ಪ ಆ ಕಡೆ ನಿಂತುಕೊಳ್ಳಿ, ಗಿರಾಕಿಗಳು ಓಡಾಡುತ್ತಾರೆ" ಎಂಬ ಉಪಚಾರ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಸರ ನೋಡಲು ಅಪ್ಪ ಕೈ ಚಾಚಿದರೆ ಆ ಹುಡುಗ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಒಂದು ಟಿಶ್ಯೂ ಕಾಗದ ಮುಂದೆ ತಳ್ಳಿ, "ಕೈ ಒರೆಸಿಕೊಳ್ಳಿ" ಎಂದ.

ಒರೆಸಿದರೆ ಹೋಗಲು ಅದೇನು ಕೊಳೆಯೇ? ನಮ್ಮದು ಶಿವಮೊಗ್ಗ ಕಡೆಯ ಅಡಿಕೆ ತೋಟ. ಹಸಿ ಅಡಿಕೆ ಸುಲಿದವರ ಬೆರಳು, ಉಗುರಿನ ಸಂದು ಎಲ್ಲವೂ ಅಡಿಕೆ ಕರೆಗೆ ಕಪ್ಪಾಗುತ್ತವೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ, ತಾನಾಗಿ ಸವೆದು ಹೋಗಬೇಕು. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಅಡಿಕೆಯ ದರ್ಜೆ ಮಾಡಿ, ಮಾಲು ನೋಡಿ ದರ ಕಟ್ಟುತ್ತಾರೆ. ಅಡಿಕೆಗೆ ಅದು ನ್ಯಾಯ. ಬೆಳೆದವನಿಗೂ ದರ ಕಟ್ಟು ಎಂದು ಇವನಿಗೆ ಹೇಳಿದವರು ಯಾರು? (ಅವನೂ ಯಾವುದೋ ಹಳ್ಳಿಯಿಂದಲೇ ಬಂದವನಿರಬೇಕು, ಅದು ಇನ್ನೂ ಸಂಕಟ.) ನಾನು ಜಗಳಕ್ಕೆ ನಿಂತರೆ ಅಪ್ಪ, "ಹೋಗಲಿ ಬಿಡು ಮಾರಾಯ" ಎಂದು ನನ್ನನ್ನೇ ಹೊರಗೆ ಎಳೆದುಕೊಂಡು ಬಂದರು.

ನಮ್ಮೊಬ್ಬರ ಗೋಳಾಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. 2024ರ ಫೆಬ್ರವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತು ಬಂದ ರೈತರೊಬ್ಬರನ್ನು, ಟಿಕೆಟ್ ಇದ್ದರೂ, ಬಟ್ಟೆ ಕೊಳೆಯಾಗಿದೆ ಎಂದು ತಡೆದರು. ಅದೇ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರನ್ನು ಪಂಚೆ ಉಟ್ಟಿದ್ದಾರೆಂದು ಒಳಗೆ ಬಿಡಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಉಡುವುದೂ ಪಂಚೆಯೇ ಅಲ್ಲವೇ! ಅವರು ಬಂದಿದ್ದರೆ ಇದೇ ಬಾಗಿಲಲ್ಲಿ ಸೆಲ್ಯೂಟ್ ಬೀಳುತ್ತಿತ್ತು. ಪಂಚೆಯ ಹಿಂದೆ ಕಾರುಗಳ ಸಾಲು ಇದೆಯೋ ಇಲ್ಲವೋ ಎಂದು ನೋಡುತ್ತಾರೆ, ಅಷ್ಟೇ.

ವಿಡಿಯೊ ಹರಿದಾಡಿದ ಮೇಲೆ ಮೆಟ್ರೊದವರು ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆದರು. ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಬಾಗಿಲು ಕಾಯುವವನಿಗೆ "ಇಂಥವರನ್ನು ಬಿಡಬೇಡ" ಎಂದು ಹೇಳಿಕೊಡುವ ಟೈ ಕಟ್ಟಿದ ಮಹಾಶಯರನ್ನು ಯಾರು ಕೇಳುತ್ತಾರೆ?

ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆಯ ನೆಪದಲ್ಲಿ ಚೆನ್ನೈನ ಕ್ಲಬ್ಬೊಂದರ ಬಾಗಿಲಲ್ಲಿ ತಡೆದಿದ್ದರು. ಅದೇ ವರ್ಷ ಅಲ್ಲಿ ಕಾನೂನು ಬಂತು; ಹೀಗೆ ತಡೆದರೆ ಲೈಸೆನ್ಸ್ ರದ್ದು. ನ್ಯಾಯಮೂರ್ತಿಗೇ ಅವಮಾನವಾಗಬೇಕಾಯಿತು, ಇರಲಿ, ಬಂತಲ್ಲ. ನಮ್ಮಲ್ಲಿ ಪ್ರತಿ ಸಲವೂ ಯಾರಾದರೂ ಮೊಬೈಲ್ ಎತ್ತಿ ಹಿಡಿಯಬೇಕು, ಟೀವಿಯಲ್ಲಿ ಬರಬೇಕು, ಆಮೇಲೆ ಕ್ಷಮೆ ಕೇಳುವ ಶಾಸ್ತ್ರ ನಡೆಯಬೇಕು. ವಿಡಿಯೊ ಮಾಡುವವರು ಜೊತೆಯಲ್ಲಿ ಇಲ್ಲದವರು ಯಾರ ಹತ್ತಿರ ಹೋಗಿ ಹೇಳಿಕೊಳ್ಳಬೇಕು ಸ್ವಾಮಿ?